ಅನುಮಾನದಕ್ಕನ ಅಂಗಾಲು

ಬೆಳಿಗ್ಗೆ ಮೊದಲ ಬಟ್ಟೆಗೆ ಕೈಹಾಕುವ ಮುಂಚೆ ಅವಳು ಇಸ್ತ್ರಿಪೆಟ್ಟಿಗೆಯನ್ನು ಓರೆಯಾಗಿ ಎತ್ತಿ, ಬಲಗೈಯ ನಡುಬೆರಳ ತುದಿಯನ್ನು ಅದರ ತಳಕ್ಕೆ ತಾಗಿಸಿ ತೆಗೆಯುತ್ತಿದ್ದಳು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಬೆರಳಿಗೆ ಬೆಚ್ಚಗೆ ಹತ್ತಿದರೆ ರೇಷ್ಮೆ, ಚುರುಕ್ಕೆಂದರೆ ಹತ್ತಿ, ತಾಗುವ ಮೊದಲೇ ಕೈ ತಾನಾಗಿ ಹಿಂದಕ್ಕೆ ಸರಿದರೆ ದಪ್ಪ ಪ್ಯಾಂಟು. ಮೈಯಲ್ಲಿ ಜ್ವರವಿದ್ದ ದಿನವೂ, ಮನೆಯಲ್ಲಿ ಜಗಳವಾಗಿ ಮುಖ ಊದಿಸಿಕೊಂಡು ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ. ಆಮೇಲೆ ಕಣ್ಣು ಮುಚ್ಚಿ, “ಇವತ್ತು ಯಾರ ಬಟ್ಟೆಯೂ ಸುಡದಿರಲಿ, ತಂದೆ” ಎಂದು ದೇವರಿಗೊಂದು ಮಾತು ಹೇಳಿ ಮೇಜಿನ ಮುಂದೆ ನಿಲ್ಲುತ್ತಿದ್ದಳು.

ಬೇರೆ ಇಸ್ತ್ರಿಯವರು ನೀರು ಚಿಮುಕಿಸಿ ಕಾವು ನೋಡುತ್ತಾರೆ. ಇವಳಿಗೆ ಅದು ಆಗದು. “ನೀರನ್ನ ನಂಬೋಕಾಗಲ್ಲ, ಎಲ್ಲದಕ್ಕೂ ಒಂದೇ ಥರ ಚುಂಯ್ ಅನ್ನುತ್ತೆ. ನನ್ನ ಬೆರಳು ಇವತ್ತಿನವರೆಗೆ ಸುಳ್ಳು ಹೇಳಿಲ್ಲ” ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ, ಈ ಭೂಮಿಯ ಮೇಲೆ ದೇವರನ್ನು ಬಿಟ್ಟರೆ ಅವಳು ನಂಬಿದ್ದು ಆ ಬೆರಳೊಂದನ್ನೇ.

ಎದುರಿಗೆ ಜನ ಅವಳನ್ನು ಇಸ್ತ್ರಿಯಕ್ಕ ಎಂದು ಕರೆಯುತ್ತಿದ್ದರು. ಬೆನ್ನು ತಿರುಗಿಸಿದರೆ ಅನುಮಾನದಕ್ಕ. ಎರಡನೆಯದೂ ಅವಳಿಗೆ ಗೊತ್ತಿತ್ತು. ಬಟ್ಟೆ ತಂದವರನ್ನು ಹಾಗೇ ಕಳಿಸುತ್ತಿರಲಿಲ್ಲ. ಅವರ ಎದುರಿಗೇ ಅಂಗಿ ಬಿಡಿಸಿ, ಗುಂಡಿಗಳನ್ನು ಮುಟ್ಟಿ ಮುಟ್ಟಿ ತೋರಿಸಿ, “ನೋಡಿ, ಇದು ಮೊದಲೇ ಸಡಿಲ ಇದೆ. ಆಮೇಲೆ ನನ್ನ ಮೇಲೆ ಬರಬೇಡಿ” ಎಂದು ಒಪ್ಪಿಸಿಯೇ ಗಂಟಿಗೆ ಹಾಕುವಳು. ಹಾಲಿನವನ ಹಾಲನ್ನು ಬೆಳಕಿಗೆ ಹಿಡಿದು ನೋಡುವಳು. ನಗುತ್ತಾ ಮಾತಾಡಿಸಿದವರು ಮೂಲೆ ತಿರುಗುವವರೆಗೆ ಕಣ್ಣು ಕಿರಿದು ಮಾಡಿ ನೋಡುತ್ತಾ ನಿಲ್ಲುವಳು.

ಅಂಗಡಿಯೆಂದರೆ ದೊಡ್ಡದೊಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಸೂರು ಮೆಟ್ಟಿಲಿನ ಜೊತೆಗೇ ಇಳಿದುಕೊಂಡು ಹೋಗಿ, ಒಳಮೂಲೆಯಲ್ಲಿ ತಲೆ ಬಗ್ಗಿಸಬೇಕಾಗುತ್ತಿತ್ತು. ಕಂಬಳಿ ಹೊದಿಸಿದ ಮೇಜು, ಅದರ ಮೇಲೊಂದು ಸುಟ್ಟ ಕಲೆಗಳ ಬಿಳಿ ಬಟ್ಟೆ, ಕೆಳಗೆ ಸಿಮೆಂಟು ನೆಲ. ಹೊಸ ಅಂಗಿಗಳಿಂದ ಕಿತ್ತ ಗುಂಡುಸೂಜಿಗಳಲ್ಲಿ ಎಷ್ಟು ಗುಡಿಸಿದರೂ ಆ ನೆಲದಲ್ಲಿ ಎಲ್ಲೋ ಒಂದು ಉಳಿದಿರುತ್ತಿತ್ತು. ಅವಳು ಬರಿಗಾಲಲ್ಲಿ ನಿಂತೇ ಕೆಲಸ ಮಾಡುತ್ತಿದ್ದಳು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದವಳು ಅವಳ ನಾದಿನಿ, ತೀರಿಕೊಂಡ ಗಂಡನ ತಂಗಿ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು, ಅಣ್ಣ ಹೋದ ಮೇಲೂ ಅತ್ತಿಗೆಯನ್ನು ಬಿಡದವಳು. ಇಡೀ ಬೀದಿಯಲ್ಲಿ ಅನುಮಾನದಕ್ಕನನ್ನು ಮುಖದ ಮೇಲೇ ಗೇಲಿ ಮಾಡುವ ಹಕ್ಕು ಇದ್ದವಳು ಅವಳೊಬ್ಬಳೇ.

ಗಂಡ ಹೋದದ್ದು ಆಸ್ಪತ್ರೆಯಲ್ಲಿ. ಕಾಲಿಗೆ ಹುಣ್ಣಾಗಿದೆ ಎಂದು ಒಳಗೆ ಹೋದ ಮನುಷ್ಯ. ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನವರೆಗೆ ತೆಗೆದರು, ಕೊನೆಗೆ ಅವನೇ ಉಳಿಯಲಿಲ್ಲ. “ನಡ್ಕೊಂಡು ಹೋದರು. ತಮ್ಮ ಕಾಲಲ್ಲೇ ನಡ್ಕೊಂಡು ಹೋದರು” ಎಂದು ಅವಳು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಅವಳ ಲೆಕ್ಕ ಸರಳವಾಗಿತ್ತು. ಹಾಸಿಗೆ ಖಾಲಿ ಇದ್ದರೆ ಆಸ್ಪತ್ರೆ ನಡೆಯುವುದಿಲ್ಲ. ಅದಕ್ಕೆ ಜನ ಬೇಕು. ಅಂದಿನಿಂದ ಆ ದೊಡ್ಡ ಆಸ್ಪತ್ರೆಯ ಮುಂದಿನ ರಸ್ತೆಯನ್ನೇ ಬಿಟ್ಟು, ಸುತ್ತು ಹಾಕಿಕೊಂಡು ಸಂತೆಗೆ ಹೋಗುತ್ತಿದ್ದಳು.

ಹೀಗಿರುವಾಗ ಬೀದಿಯ ತುದಿಯಲ್ಲಿ ಒಂದು ಕೋಣೆಯ ಆರೋಗ್ಯ ಕೇಂದ್ರ ತೆರೆಯಿತು. ಅಲ್ಲಿಗೆ ಬಂದ ನರ್ಸು ಸುಮ್ಮನೆ ಕೂರುವವಳಲ್ಲ. ಬಾಗಿಲು ಬಾಗಿಲಿಗೆ ಹೋಗಿ, ರಕ್ತದ ಒತ್ತಡ ನೋಡುತ್ತೇನೆ, ಸಕ್ಕರೆ ನೋಡುತ್ತೇನೆ, ಬನ್ನಿ ಎನ್ನುವಳು. ಆರೋಗ್ಯವಾಗಿರುವವರನ್ನೂ ಕರೆಯುವಳು! ಅನುಮಾನದಕ್ಕನಿಗೆ ಅಷ್ಟು ಸಾಕಾಯಿತು.

“ಇವಳು ಆಸ್ಪತ್ರೆಯ ದಲ್ಲಾಳಿ ಕಣೇ,” ಅಂದಳು ನಾದಿನಿಗೆ. “ಕಾಯಿಲೆ ಇರೋರು ತಾವೇ ಹೋಗ್ತಾರೆ. ಇಲ್ಲದೋರನ್ನ ಹಿಡ್ಕೊಂಡು ಹೋಗೋಕೆ ಇವಳನ್ನ ಬಿಟ್ಟಿದಾರೆ.”

“ಅಯ್ಯೋ ಅತ್ತಿಗೆ, ಪಾಪ, ಎಷ್ಟು ನಗುನಗ್ತಾ ಮಾತಾಡ್ತಾರೆ.”

“ಅದೇ ನಾನು ಹೇಳಿದ್ದು. ನಮ್ಮನ್ನ ನೋಡಿ ಯಾರಿಗಾದ್ರೂ ಸುಮ್‌ಸುಮ್ನೆ ನಗು ಬರುತ್ತಾ?”

“ನಿಮ್ಮನ್ನ ನೋಡಿದ್ರೆ ನನಗೆ ದಿನಾ ಬರುತ್ತೆ.”

ಒಂದು ದಿನ ನರ್ಸು ಅಂಗಡಿಯ ಮುಂದೆಯೇ ಬಂದು ನಿಂತಳು. ತಪ್ಪಿಸಿಕೊಳ್ಳಲು ಮೆಟ್ಟಿಲ ಕೆಳಗೆ ಇನ್ನೊಂದು ಬಾಗಿಲಿಲ್ಲ.

“ಅಮ್ಮಾ, ಒಂದು ಸಲ ಬಂದು ಹೋಗಿ. ಯಜಮಾನರಿಗೆ ಸಕ್ಕರೆ ಕಾಯಿಲೆ ಇತ್ತಂತೆ. ನಿಮ್ಮದೂ ನೋಡಿಬಿಡೋಣ. ನೀವು ಆಸ್ಪತ್ರೆ ಸೇರದ ಹಾಗೆ ನೋಡ್ಕೊಳ್ಳೋದೇ ನನ್ನ ಕೆಲಸ.”

“ಹೌದಾ ಸಿಸ್ಟರ್? ಕೊಡೆ ಮಾರೋನು ಮಳೆ ಬರದೇ ಇರ್ಲಿ ಅಂತ ಮನೆಮನೆಗೆ ಹೋಗಿ ಹೇಳ್ತಾನಾ?”

ನರ್ಸು ನಕ್ಕುಬಿಟ್ಟಳು. “ಚೆನ್ನಾಗಿ ಮಾತಾಡ್ತೀರಮ್ಮ. ಮಾತಾಡೋಕಾದ್ರೂ ಬನ್ನಿ.”

ಅವಳು ಹೋದ ಮೇಲೆ ಅನುಮಾನದಕ್ಕ ಬಹಳ ಹೊತ್ತು ಒಂದೇ ಅಂಗಿಯನ್ನು ಉಜ್ಜಿದಳು. ಗಂಡನ ಕಾಯಿಲೆಯ ಸುದ್ದಿ ನರ್ಸಿಗೆ ಹೇಳಿದವರಾರು? ನಾದಿನಿಯ ಕಡೆ ಓರೆಗಣ್ಣು ಬಿಟ್ಟಳು. ನಾದಿನಿ ತಲೆ ತಗ್ಗಿಸಿ, ಮಡಿಸಿದ್ದನ್ನೇ ಮತ್ತೆ ಮಡಿಸತೊಡಗಿದಳು.

ಕೆಲವು ವಾರ ಕಳೆದಿರಬೇಕು. ಶಾಲಾ ಬಸ್ಸಿನ ಡ್ರೈವರನ ಬಿಳಿ ಅಂಗಿ ಮೇಜಿನ ಮೇಲಿತ್ತು. ಅವಳು ಎಂದಿನಂತೆ ಪೆಟ್ಟಿಗೆಗೆ ಬೆರಳು ತಾಗಿಸಿದಳು. ಕಾವು ಸಾಲದು ಅನಿಸಿತು. ಗುಂಡಿ ತಿರುಗಿಸಿ, ಇನ್ನಷ್ಟು ಕಾಯಿಸಿ, ಮತ್ತೆ ತಾಗಿಸಿದಳು. ಊಹೂಂ. ಮತ್ತೆ ತಿರುಗಿಸಿದಳು. ಪೆಟ್ಟಿಗೆಯನ್ನು ಅಂಗಿಯ ಬೆನ್ನಿನ ಮೇಲಿಟ್ಟು ಎತ್ತುವಷ್ಟರಲ್ಲಿ ಅದರ ಅಚ್ಚು ಕಂದು ಬಣ್ಣದಲ್ಲಿ ಅಲ್ಲಿ ಮೂಡಿತ್ತು, ಮೂಗಿನ ತುದಿಯ ಸಮೇತ. ಈ ಮೇಜಿನ ಮೇಲೆ ಅವಳ ಕೈಯಿಂದ ಬೇರೆಯವರ ಬಟ್ಟೆ ಸುಟ್ಟದ್ದು ಅದೇ ಮೊದಲು. ಬಿಳಿ ಹಾಸಿನ ಮೇಲಿದ್ದ ಕಲೆಗಳೆಲ್ಲ ಗಂಡನ ಕಾಲದವು.

ಅವಳಿಗೆ ಆ ಕ್ಷಣವೇ ಹೊಳೆಯಿತು: ರಿಪೇರಿಯವನು! ಕಳೆದ ತಿಂಗಳು ಪೆಟ್ಟಿಗೆಗೆ ಹೊಸ ಕಾಯಿಲ್ ಹಾಕಿಕೊಟ್ಟವನು ಅವನೇ. ಒಳ್ಳೆಯದನ್ನು ತೆಗೆದಿಟ್ಟುಕೊಂಡು ಯಾವುದೋ ಹಳೇ ಕಾಯಿಲ್ ತುರುಕಿದ್ದಾನೆ. ಅದು ಕಾಯುವುದೂ ತನ್ನಿಷ್ಟ, ಕಾಯದಿರುವುದೂ ತನ್ನಿಷ್ಟ! ಪೆಟ್ಟಿಗೆ ಆರುವವರೆಗೆ ಗೊಣಗುತ್ತಾ ಕಾದು, ಚೀಲಕ್ಕೆ ಹಾಕಿಕೊಂಡು ಹೊರಟಳು.

ರಿಪೇರಿಯವನ ಗೂಡಂಗಡಿಯಲ್ಲಿ ಬಿಚ್ಚಿಟ್ಟ ಮಿಕ್ಸಿಗಳು, ರೆಕ್ಕೆ ಕಳಚಿದ ಫ್ಯಾನುಗಳು. ಅವನು ಅವಳನ್ನು ದೂರದಿಂದಲೇ ನೋಡಿ ಕೈಮುಗಿದ. “ಬಂದ್ರಾ ಅಕ್ಕ? ಏನು ಕದ್ದಿದೀನಿ ಇವತ್ತು?”

“ನೀನೇ ಹೇಳು. ಕದ್ದೋನಿಗೆ ಗೊತ್ತಿರುತ್ತೆ.”

ಅವನು ಪೆಟ್ಟಿಗೆಯನ್ನು ಪ್ಲಗ್ಗಿಗೆ ಹಾಕಿದ. ಸ್ವಲ್ಪ ಹೊತ್ತು ಬಿಟ್ಟು ಅಂಗೈಯನ್ನು ತಳದ ಹತ್ತಿರ ಹಿಡಿದು, ತಟ್ಟನೆ ಹಿಂದಕ್ಕೆಳೆದ. “ಬೆಂಕಿ ಥರ ಕಾದಿದೆಯಲ್ಲ ಅಕ್ಕ. ಇನ್ನೇನು ಬೇಕು? ಇದರಲ್ಲಿ ಅಡುಗೆ ಮಾಡಬಹುದು.”

“ಸುಮ್ನಿರು, ಕಂಡಿದೀನಿ. ಇನ್ನೂ ಬಿಸಿಯೇ ಆಗಿಲ್ಲ. ಇಲ್ಲಿ ನೋಡು.” ಅವಳು ನಡುಬೆರಳನ್ನು ತಳಕ್ಕೆ ಇಟ್ಟಳು. ತಾಗಿಸಿ ತೆಗೆಯಲಿಲ್ಲ, ಅವನಿಗೆ ತೋರಿಸಲೆಂದೇ ಒತ್ತಿ ಹಿಡಿದಳು. “ನೋಡಿದ್ಯಾ?”

ರಿಪೇರಿಯವನ ಮುಖದಿಂದ ನಗು ಹೋಯಿತು. ಅವನು ಅವಳ ಮಣಿಕಟ್ಟು ಹಿಡಿದು ಜೋರಾಗಿ ಎಳೆದ. ಚರ್ಮ ಸುಟ್ಟ ವಾಸನೆ ಇಬ್ಬರ ಮೂಗಿಗೂ ಬಂತು. ಬೆರಳ ತುದಿ ಬಿಳಿಚಿಕೊಂಡು, ನೋಡನೋಡುತ್ತಿದ್ದಂತೆ ಬೊಬ್ಬೆ ಏಳತೊಡಗಿತು.

“ಅಕ್ಕಾ, ನಿಮಗೆ... ಉರೀತಾ ಇಲ್ವಾ?”

ಅವಳು ಬೆರಳನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಅವನನ್ನು ನೋಡಿದಳು. “ಏನೋ ಮಾಡಿದ್ದೀಯ ನೀನು,” ಅಂದಳು. ಆದರೆ ದನಿಯಲ್ಲಿ ಬಲವಿರಲಿಲ್ಲ.

ದಾರಿಯುದ್ದಕ್ಕೂ ಅವಳು ಬೊಬ್ಬೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಎಲ್ಲೋ ಆಳದಲ್ಲಿ, ಪಕ್ಕದ ಮನೆಯ ಗೋಡೆ ತಟ್ಟಿದಂತೆ, ಏನೋ ಕೇಳಿಸಿದಂತಾಗುತ್ತಿತ್ತು. ನೋವಲ್ಲ. ಎಷ್ಟು ದಿನದಿಂದ ಹೀಗೆ? ಡ್ರೈವರನ ಅಂಗಿ ಮೊದಲನೆಯದಾಗಿದ್ದರೆ, ಎರಡನೆಯದು ಯಾರದು? ಬೆರಳು ಕೈಕೊಟ್ಟರೆ ಇಸ್ತ್ರಿಯಕ್ಕನ ಹತ್ತಿರ ಬೇರೇನಿದೆ? ಊಟ, ಬಾಡಿಗೆ, ನಾದಿನಿ, ಎಲ್ಲ ಆ ಮೇಜಿನ ಮೇಲೇ ನಿಂತಿತ್ತು. ಇಷ್ಟು ವರ್ಷ ಹೊರಗೆ ಹುಡುಕಿದ ಮೋಸ ತನ್ನ ಚರ್ಮದ ಒಳಗೇ ಇತ್ತೇನೋ ಅನ್ನಿಸಿತು.

ನಾದಿನಿ ಬೆರಳು ನೋಡಿ, ನೋವೇ ಆಗಲಿಲ್ಲ ಎಂದದ್ದನ್ನು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದಳು. “ಅಣ್ಣನೂ ಹೀಗೇ ಅಂತಿದ್ದ. ಕಾಲು ನೋಯಲ್ಲ, ನೋಯಲ್ಲ ಅಂತ.”

“ನಿಮ್ಮಣ್ಣನ ಮಾತು ತೆಗೀಬೇಡ.”

“ನರ್ಸಮ್ಮನ ಹತ್ರ ಹೋಗೋಣ ಅತ್ತಿಗೆ.”

ಅನುಮಾನದಕ್ಕ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ಮೊದಲು ನೀನು ಹೋಗು. ನಿನಗೇನು ಮಾಡ್ತಾಳೆ ನೋಡ್ಕೊಂಡು ಬಾ.”

“ಚೆನ್ನಾಗಿದೆ! ನಾನೇನು ನಿಮ್ಮ ಪ್ರಯೋಗದ ಇಲಿಯಾ?”

“ಹಿಡಿದುಹಾಕ್ಕೊಂಡ್ರೆ ಕೂಗು, ನಾನು ಬರ್ತೀನಿ.”

ನಾದಿನಿ ಹೋದಳು. ಅನುಮಾನದಕ್ಕ ಮೆಟ್ಟಿಲ ಕೆಳಗಿನಿಂದ ಕತ್ತು ಉದ್ದ ಮಾಡಿ ಆ ಬಾಗಿಲನ್ನೇ ನೋಡುತ್ತಿದ್ದಳು. ಹೆಚ್ಚು ಹೊತ್ತಾಗಲಿಲ್ಲ, ನಾದಿನಿ ಕೈ ಬೀಸಿಕೊಂಡು ವಾಪಸು ಬಂದಳು. ಒತ್ತಡ ಸರಿಯಿದೆ, ಸಕ್ಕರೆ ಸರಿಯಿದೆ, ಉಪ್ಪು ಸ್ವಲ್ಪ ಕಮ್ಮಿ ಮಾಡಿ, ಹೋಗಿ ಬನ್ನಿ ಅಂದರಂತೆ.

“ಅಷ್ಟೇನಾ? ಯಾವ ಆಸ್ಪತ್ರೆಗೂ ಹೋಗು ಅನ್ನಲಿಲ್ವಾ?”

“ಇಲ್ಲ.”

“ಮಾತ್ರೆ?”

“ಒಂದೂ ಇಲ್ಲ. ಬೇಜಾರಾಯ್ತಾ?”

ದಲ್ಲಾಳಿಯಾದವಳು ಬಲೆಗೆ ಬಿದ್ದ ಮೀನನ್ನು ಹೀಗೆ ನೀರಿಗೆ ಬಿಡುವುದುಂಟೇ? ಅನುಮಾನದಕ್ಕನಿಗೆ ಲೆಕ್ಕ ತಪ್ಪಿತು. ಇದು ದೊಡ್ಡ ಮೀನಿಗೆ ಹಾಕಿದ ಎರೆಹುಳು ಇರಬಹುದು ಎಂದುಕೊಂಡಳು. ಹಾಗೆಂದುಕೊಂಡೇ ಮರುದಿನ ಬೆಳಿಗ್ಗೆ ಎದ್ದು ಹೋದಳು.

ಒಂದು ಮೇಜು, ಎರಡು ಕುರ್ಚಿ, ತೂಕದ ಯಂತ್ರ, ಗೋಡೆಗೆ ಹೃದಯದ ಚಿತ್ರ. ಅನುಮಾನದಕ್ಕ ಸೂಜಿಯ ಪೊಟ್ಟಣವನ್ನು ತನ್ನ ಕಣ್ಣೆದುರು ಒಡೆಸಿದಳು. ಸಕ್ಕರೆ ನೋಡುವ ಯಂತ್ರದ ಅಂಕಿಯನ್ನು ನರ್ಸು ಓದುವ ಮೊದಲು ತಾನು ಓದಿದಳು. “ಇದು ಜಾಸ್ತಿನಾ ಕಮ್ಮಿನಾ?”

“ಜಾಸ್ತಿ ಅಮ್ಮ. ತುಂಬಾ ಜಾಸ್ತಿ. ಬಹಳ ದಿನದಿಂದ ಇರಬೇಕು.”

“ಯಂತ್ರ ಕೆಟ್ಟಿರಬಹುದು.”

ನರ್ಸು ಇನ್ನೊಂದು ಸೂಜಿ ತೆಗೆದು ತನ್ನ ಬೆರಳಿಗೇ ಚುಚ್ಚಿಕೊಂಡು, ಅದೇ ಯಂತ್ರದಲ್ಲಿ ತೋರಿಸಿದಳು. ಅವಳ ಅಂಕಿ ಅರ್ಧಕ್ಕಿಂತ ಕಡಿಮೆ ಇತ್ತು. “ಇನ್ನು ಕಾಲು ತೋರ್ಸಿ” ಅಂದಳು.

“ಬೆರಳು ಸುಟ್ಟಿರೋದು ಸಿಸ್ಟರ್, ಕಾಲಲ್ಲ.”

“ಸಕ್ಕರೆ ಏರಿದ್ರೆ ಚರ್ಮ ಮರಗಟ್ಟುತ್ತಮ್ಮ, ಬೆರಳಿಗಿಂತ ಮೊದಲು ಕಾಲಿಗೆ ಬರುತ್ತೆ ಅದು. ಕಣ್ಣು ಮುಚ್ಕೊಳ್ಳಿ. ನಾನು ಒಂದು ದಾರದ ತುದಿಯಿಂದ ಅಂಗಾಲು ಮುಟ್ತೀನಿ. ಮುಟ್ಟಿದಾಗೆಲ್ಲ ಹೂಂ ಅನ್ನಿ.”

ಅನುಮಾನದಕ್ಕ ಕಣ್ಣು ಮುಚ್ಚಿ ಕಾದಳು. ಕೋಣೆಯಲ್ಲಿ ಫ್ಯಾನಿನ ಸದ್ದು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿದರು. ಅವಳು ಇನ್ನೂ ಕಾದಳು. ಆಮೇಲೆ ಸಿಟ್ಟು ಬಂತು.

“ಏನಾಟ ಆಡ್ತಿದೀರಿ ಸಿಸ್ಟರ್? ನೀವು ಮುಟ್ಟೇ ಇಲ್ಲ! ನನ್ನ ಕಣ್ಣು ಮುಚ್ಚಿಸಿ ಸುಮ್ನೆ ಕೂತಿದೀರಿ. ಹೆಬ್ಬೆಟ್ಟು ಅಂದ್ಕೊಂಡ್ರಾ ನನ್ನ?”

“ಕಣ್ಣು ಬಿಡಿ ಅಮ್ಮ.”

ಬಿಟ್ಟಳು. ಮೀನು ಹಿಡಿಯುವ ದಾರದಂತಹ ಗಟ್ಟಿ ಎಳೆಯೊಂದು ನರ್ಸಿನ ಕೈಯಿಂದ ಹೊರಟು ಅವಳ ಅಂಗಾಲಿನ ಉಬ್ಬಿಗೆ ಒತ್ತಿ, ಬಿಲ್ಲಿನಂತೆ ಬಾಗಿ ನಿಂತಿತ್ತು. ಮುಟ್ಟಿಯೇ ಇತ್ತು. ನರ್ಸು ಅದನ್ನು ಎತ್ತಿ ಇನ್ನೊಂದು ಕಡೆ ಒತ್ತಿದಳು, ಮತ್ತೊಂದು ಕಡೆ. ಅನುಮಾನದಕ್ಕ ಕಣ್ಣು ತೆರೆದುಕೊಂಡು ನೋಡುತ್ತಿದ್ದಳು, ಯಾರದೋ ಕಾಲನ್ನು ನೋಡುವಂತೆ.

ನರ್ಸು ಹಿಮ್ಮಡಿಯನ್ನು ಬೆಳಕಿನ ಕಡೆಗೆ ತಿರುಗಿಸಿ, ಹತ್ತಿಯಿಂದ ಒರೆಸಿದಳು. ಆಮೇಲೆ ಚಿಕ್ಕ ಚಿಮಟದಿಂದ ಏನನ್ನೋ ಮೆಲ್ಲಗೆ ಎಳೆದಳು. ತುಕ್ಕು ಹಿಡಿದ ಗುಂಡುಸೂಜಿ. ಅದರ ಹಿಂದೆಯೇ ಸ್ವಲ್ಪ ಕೀವು.

“ಎಷ್ಟು ದಿನದಿಂದ ಇದರ ಮೇಲೆ ನಿಂತಿದ್ರಿ?”

“ಚುಚ್ಚಿದ್ದೇ ಗೊತ್ತಾಗಲಿಲ್ಲ ಸಿಸ್ಟರ್.”

“ನೋಡಿ ಅಮ್ಮ, ಇವತ್ತು ಬಂದ್ರಿ. ಇದನ್ನ ಇಲ್ಲೇ ತೊಳೆದು ಕಟ್ಟಿದ್ರೆ ಆಗುತ್ತೆ. ಡಾಕ್ಟರು ವಾರಕ್ಕೊಂದು ಸಲ ಇಲ್ಲಿಗೇ ಬರ್ತಾರೆ, ಅವರೂ ನೋಡ್ತಾರೆ. ಹೀಗೇ ಬಿಟ್ಟಿದ್ರೆ ಎಲುಬಿಗೆ ಇಳೀತಿತ್ತು. ಆಗ ನೀವು ಬೈಯೋ ಆ ದೊಡ್ಡ ಆಸ್ಪತ್ರೆಗೇ ಹೋಗಬೇಕಿತ್ತು. ಅಲ್ಲಿ ಹಾಸಿಗೆ ಖಾಲಿ ಇಲ್ಲ, ಜನ ಹಜಾರದಲ್ಲಿ ಮಲಗಿದಾರೆ. ಅರ್ಧಕ್ಕರ್ಧ ಮಂದಿ ಇಂಥ ಕಾಲು ತಡವಾಗಿ ತಗೊಂಡು ಹೋದೋರೇ.” ನರ್ಸು ಗಾಯ ಕಟ್ಟುತ್ತಾ ಕೇಳಿದಳು, “ಯಜಮಾನರು ಗಾಯ ಮೊದಲು ಯಾವಾಗ ತೋರಿಸಿದ್ರು?”

“ತೋರಿಸಲಿಲ್ಲ,” ಅಂದಳು ಅನುಮಾನದಕ್ಕ. “ವಾಸನೆ ಬಂದ ಮೇಲೆ ನನಗೆ ಗೊತ್ತಾಯ್ತು. ಸಕ್ಕರೆಗೆ ಮಾತ್ರೆ ಕೊಡ್ತಿದ್ದ ಕಾಂಪೌಂಡರು ಮನೆಗೇ ಬಂದು ನೋಡ್ಕೊಂಡು ಹೋಗ್ತಿದ್ದ. ಅವನ ಮುಂದೂ ಸಾಕ್ಸ್ ಬಿಚ್ಚಿರಲಿಲ್ಲ. ಚಳಿ ಅಂತಿದ್ರು.”

ಹೇಳುತ್ತಾ ಹೇಳುತ್ತಾ ಅವಳ ಮಾತು ನಿಧಾನವಾಯಿತು. ತಾನು ತಿಂದ ತಟ್ಟೆಯನ್ನೂ ತೊಳೆಯದ ಮನುಷ್ಯ, ಕೊನೆಯ ಆ ದಿನಗಳಲ್ಲಿ ತನ್ನ ಸಾಕ್ಸನ್ನು ತಾನೇ ಒಗೆದುಕೊಳ್ಳತೊಡಗಿದ್ದ. ಆಗ ಅವಳಿಗೆ ಅನುಮಾನ ಬಾರದೆ ಇರಲಿಲ್ಲ. ಬಂದಿತ್ತು. ಬೇರೆ ಹೆಂಗಸಿನ ಸಹವಾಸವಿರಬೇಕು ಎಂದು ಅವನ ಅಂಗಿಗಳನ್ನು ಮೂಸಿ ನೋಡಿದ್ದಳು, ಜೇಬು ತಡಕಿದ್ದಳು, ಹಿಂದೆ ಹಿಂದೆ ಬಸ್ ನಿಲ್ದಾಣದವರೆಗೂ ಹೋಗಿದ್ದಳು. ಸಾಕ್ಸನ್ನು ಮಾತ್ರ ನೋಡಲಿಲ್ಲ. ಊರಿನವರನ್ನೆಲ್ಲ ಜರಡಿ ಹಿಡಿದವಳು ಪಕ್ಕದಲ್ಲಿ ಮಲಗಿದವನ ಕಾಲನ್ನು ಕೇಳಲಿಲ್ಲ. ಅವನೂ ಹೆದರಿದ್ದ, ಪಾಪ. ತೋರಿಸಿದರೆ ಆಸ್ಪತ್ರೆ ಎಂದು ಹೆದರಿ ಮುಚ್ಚಿಟ್ಟ. ಮುಚ್ಚಿಟ್ಟದ್ದೇ ಅವನನ್ನು ಅಲ್ಲಿಗೆ ಒಯ್ದಿತು.

ಅವಳು ಅಳಲಿಲ್ಲ. “ಆ ಸೂಜಿ ಕೊಡಿ” ಎಂದು ಕೇಳಿ, ಅದನ್ನು ಒಮ್ಮೆ ನೋಡಿ, ತಾನೇ ಕಸದ ಡಬ್ಬಿಗೆ ಹಾಕಿದಳು.

ಹಾಗೆಂದು ಅವಳ ಸ್ವಭಾವ ಬದಲಾಗಲಿಲ್ಲ. ಮಾತ್ರೆಯ ಬಗ್ಗೆ ನರ್ಸನ್ನು ಒಂದು ದಿನ ಕೇಳಿದಳು, ಡಾಕ್ಟರನ್ನು ಇನ್ನೊಂದು ದಿನ ಕೇಳಿದಳು, ಔಷಧಿ ಅಂಗಡಿಯವನನ್ನು ಅದೇ ಪ್ರಶ್ನೆ ತಿರುಚಿ ಕೇಳಿದಳು. ಮೂವರೂ ಒಂದೇ ಉತ್ತರ ಕೊಟ್ಟಾಗ, “ಮೊದಲೇ ಮಾತಾಡ್ಕೊಂಡಿದಾರೆ” ಅಂದಳು. ಆದರೆ ಮಾತ್ರೆ ತಪ್ಪಿಸಲಿಲ್ಲ. ಮೆಟ್ಟಿಲ ಕೆಳಗೂ ಚಪ್ಪಲಿ ಹಾಕಿಕೊಂಡೇ ನಿಂತಳು. ಸಂಜೆ ಅಂಗಡಿ ಮುಚ್ಚುವ ಮುಂಚೆ ಸ್ಟೂಲಿನ ಮೇಲೆ ಕೂತು, ಕೈಗನ್ನಡಿ ಕೆಳಗೆ ಹಿಡಿದು, ಅಂಗಾಲಿನ ಮೂಲೆಮೂಲೆ ನೋಡತೊಡಗಿದಳು.

“ಯಾರಾದ್ರೂ ಬಂದು ಕಾಲು ಕದ್ಕೊಂಡು ಹೋಗಿದಾರಾ ಅತ್ತಿಗೆ?” ನಾದಿನಿ ಕೇಳುವಳು.

“ಹೇಳೋಕಾಗಲ್ಲ. ಇದನ್ನ ನಂಬೋಕಾಗಲ್ಲ ಕಣೇ. ಮೋಸಗಾರ ಕಾಲು ಇದು. ನೋವಾದ್ರೂ ಬಾಯಿ ಬಿಡಲ್ಲ.”

ಪೆಟ್ಟಿಗೆಯ ಕಾವನ್ನು ಈಗ ನಾದಿನಿ ನೋಡುತ್ತಿದ್ದಳು, ನೀರು ಚಿಮುಕಿಸಿ. ದೇವರಿಗೆ ಹೇಳುವ ಮಾತು ಮಾತ್ರ ಅನುಮಾನದಕ್ಕನದೇ. ಗಾಯ ನಿಧಾನವಾಗಿ ಒಣಗಿತು. ಬೆರಳಿನ ಬೊಬ್ಬೆ ಇಳಿದು ಹೊಸ ಚರ್ಮ ಬಂತು. ಸ್ಪರ್ಶ ಪೂರ್ತಿ ಮರಳಲಿಲ್ಲ; ಮರಳದೆಯೂ ಇರಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆಸೆ ತೋರಿಸದೆ ಹೇಳಿದ್ದಕ್ಕೇ ಅವಳು ಅವರನ್ನು ಅಷ್ಟಿಷ್ಟು ನಂಬಿದಳು.

ಬಟ್ಟೆ ತಂದವರ ಗುಂಡಿಗಳ ಜೊತೆಗೆ ಈಗ ನಡಿಗೆಯನ್ನೂ ನೋಡುತ್ತಿದ್ದಳು. ಬಸ್ ಡ್ರೈವರನನ್ನು ಅಂಗಡಿಯ ಮುಂದೆಯೇ ನಿಲ್ಲಿಸಿ, “ಯಾಕೆ ಕಾಲೆಳೀತಿದೀರಿ? ಏನು ಮುಚ್ಚಿಡ್ತಿದೀರಿ? ಬಿಚ್ಚಿ ಬೂಟು” ಎಂದು ಗದರಿದಳು. ಅವನು ಹೊಸ ಬೂಟು ಕಚ್ಚುತ್ತಿದೆ ಎಂದು ಹೇಳಿದರೂ ಬಿಡದೆ ಆರೋಗ್ಯ ಕೇಂದ್ರಕ್ಕೆ ಅಟ್ಟಿದಳು. ಕಾಲು ಸರಿಯಿತ್ತು, ರಕ್ತದ ಒತ್ತಡ ಮಿತಿಮೀರಿ ಏರಿತ್ತು. ಅವನು ಈಗ ಮಾತ್ರೆ ತಿನ್ನುತ್ತಾ ಬಸ್ಸು ಓಡಿಸುತ್ತಿದ್ದಾನೆ, ಅಂಗಿಯ ಸಿಟ್ಟನ್ನೂ ಮರೆತಿದ್ದಾನೆ.

ಒಂದು ಬೆಳಿಗ್ಗೆ ಕೇಂದ್ರದ ಮುಂದೆ ಸಾಲು ಬೆಳೆದಿತ್ತು. ಅನುಮಾನದಕ್ಕ ಎಲ್ಲರ ಹಿಂದೆ, ಚಪ್ಪಲಿಯ ಮೇಲೆ ಭಾರ ಬದಲಾಯಿಸುತ್ತಾ ನಿಂತಿದ್ದಳು. ಅಂಗಡಿಯಲ್ಲಿ ಬಟ್ಟೆಯ ಗಂಟುಗಳು ಬಿದ್ದಿದ್ದವು. ಸರದಿ ಬಂದಾಗ ನರ್ಸು ಅವಳ ಕಾಲು ನೋಡಿ, ತಲೆಯಾಡಿಸಿ ಮೆಚ್ಚಿದಳು.

“ಅಮ್ಮ, ಈ ಬೀದಿಯಿಂದ ಆಸ್ಪತ್ರೆ ಸೇರೋರು ಕಮ್ಮಿಯಾಗಿದಾರೆ, ಗೊತ್ತಾ? ಅದರಲ್ಲಿ ನಿಮ್ಮ ಪಾಲೂ ಇದೆ.”

“ಹಾಗಾದ್ರೆ ಆಸ್ಪತ್ರೆಯೋರು ನಿಮ್ಮ ಮೇಲೆ ಸಿಟ್ಟಾಗಿಲ್ವಾ?”

“ಇಲ್ಲಮ್ಮ. ಅವರಿಗೂ ಉಸಿರು ಬಿಡೋಕೆ ಸ್ವಲ್ಪ ಜಾಗ ಸಿಕ್ಕಿದೆ.” ನರ್ಸು ನಗುತ್ತಾ ಕೈ ತೊಳೆದುಕೊಂಡಳು. “ಒಂದು ಮಾತು. ನೀವು ಕೆಲಸ ಬಿಟ್ಟು ಈ ಸಾಲಲ್ಲಿ ನಿಲ್ಲೋದು ಬೇಡ. ಇನ್ಮೇಲೆ ನಾನೇ ನಿಮ್ಮ ಅಂಗಡಿಗೆ ಬಂದು ಕಾಲು ನೋಡ್ಕೊಂಡು ಹೋಗ್ತೀನಿ. ನಿಮಗೋಸ್ಕರ ಅಷ್ಟೂ ಮಾಡದಿದ್ರೆ ಹೇಗೆ?”

ಅನುಮಾನದಕ್ಕ ನರ್ಸಿನ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಅಲ್ಲಿ ಅವಳಿಗೆ ಯಾವ ಮೋಸವೂ ಕಾಣಲಿಲ್ಲ.

“ಬೇಡ ಸಿಸ್ಟರ್,” ಅಂದಳು. “ನೀವು ಬಂದ್ರೆ ನಾನು ಒಂದು ದಿನ ಗಿರಾಕಿ ಇದಾರೆ ಅಂತೀನಿ, ಇನ್ನೊಂದು ದಿನ ಚಳಿ ಅಂತೀನಿ. ನಿಮ್ಮ ಮೇಲೆ ನನಗೀಗ ಅನುಮಾನ ಇಲ್ಲ. ನನ್ನ ಮೇಲೇ ಇದೆ. ನಾನೇ ಬರ್ತೀನಿ.”

ಅವಳು ಚಪ್ಪಲಿಯನ್ನು ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈಯಾಡಿಸಿ ನೋಡಿ, ಕಾಲಿಗೆ ಹಾಕಿಕೊಂಡಳು.